ಹಕ್ಕೂ ನ್ಯಾಯವೂ

ಕಾನೂನು ಕೊಟ್ಟ ಹಕ್ಕನ್ನು ಚಲಾಯಿಸಿದವನು ತಪ್ಪಿತಸ್ಥನಾಗಬಲ್ಲನೇ? ಆಗಬಲ್ಲನೆಂದು ಅಮೆರಿಕದ ಫ್ಲಾರಿಡಾ ರಾಜ್ಯದ ಗವರ್ನರ್ ಲೆರಾಯ್ ಕಾಲಿನ್ಸ್ 1960ರ ಮಾರ್ಚ್ 20ರಂದು ಟೆಲಿವಿಷನ್ನಿನಲ್ಲಿ ನುಡಿದರು. ಕರಿಯ ಗಿರಾಕಿಯಿಂದ ಉಳಿದೆಲ್ಲ ಸರಕಿಗೆ ಹಣ ಪಡೆದು, ಅದೇ ಅಂಗಡಿಯ ಉಪಾಹಾರದ ಮೇಜಿನಲ್ಲಿ ಮಾತ್ರ ಕೂರಗೊಡದ ವರ್ತಕನಿಗೆ ಕಾನೂನಿನ ಹಕ್ಕುಂಟು. ಆದರೂ ಅದು ನೀತಿಯಲ್ಲವೆಂಬುದು ಅವರ ಮಾತಿನ ತಾತ್ಪರ್ಯ.

ಅವರನ್ನು ವೀರರೆನ್ನಲು ನಾವು ಅವಸರಪಡುವುದಿಲ್ಲ. 1956ರಲ್ಲಿ ವರ್ಣಭೇದದ ಕಟ್ಟಳೆಯನ್ನು ಎತ್ತಿಹಿಡಿದೇ ಅವರು ಮತ ಬೇಡಿದ್ದರು. ಇತ್ತ, ಅವರು ಬಾಯ್ದೆರೆಯುವ ಮೊದಲೇ ರಾಜಧಾನಿ ಟಲ್ಲಹಾಸಿಯ ವಿದ್ಯಾರ್ಥಿಗಳು ಆ ಮೇಜುಗಳ ಮುಂದೆ ಕುಳಿತಾಗಿತ್ತು; ಕೆಲವರು ದಂಡ ತೆರಲೊಲ್ಲದೆ ಸೆರೆಮನೆ ಸೇರಿದ್ದರು. ಸಾಹಸದ ಮೊದಲ ಪಾಲು ಅವರದು.

ಆದರೆ ಅಧಿಕಾರದಲ್ಲಿದ್ದುಕೊಂಡು, ಮತವಿತ್ತವರ ಮುಂದೆಯೇ ತನ್ನ ಹಿಂದಿನ ನಿಲುವನ್ನು ಬಿಟ್ಟುಕೊಡಲು ಎಂಟೆದೆ ಬೇಕು. 1965ರಲ್ಲಿ ಅಧ್ಯಕ್ಷ ಜಾನ್ಸನ್ನರ ಸಂಧಾನಕಾರರಾಗಿ, ರಕ್ತಪಾತ ತಪ್ಪಿಸಲೆಂದು ಕಾಲಿನ್ಸ್ ಆಲಬಾಮಾದ ಸೆಲ್ಮಾಕ್ಕೆ ಹೋದರು. ಮೆರವಣಿಗೆಯ ನಡುವೆ ಮಾರ್ಟಿನ್ ಲೂಥರ್ ಕಿಂಗರ ಜೊತೆ ಅವರಿದ್ದ ಭಾವಚಿತ್ರವನ್ನು 1968ರ ಸೆನೆಟ್ ಚುನಾವಣೆಯಲ್ಲಿ ವಿರೋಧಿಗಳು ಹಂಚಿದರು. ಹಂಚುವ ಹಕ್ಕು ಅವರಿಗೂ ಉಂಟಷ್ಟೆ! ಕಾಲಿನ್ಸ್ ಸೋತರು.