ನೆಟ್ಟ ಮರ ಯಾರದು?

ಹೊಲದ ಬದುವಿನಲ್ಲೋ ಬೆಳೆಸಾಲುಗಳ ನಡುವೆಯೋ ಮರ ಬೆಳೆಸಿ, ಬಲಿತ ಮೇಲೆ ಕಡಿದು ಮಾರುವ ಬೇಸಾಯಕ್ಕೆ ಕೃಷಿ ಅರಣ್ಯ ಎಂದು ಹೆಸರು. ಮರ ನೆಡುವುದು ಪುಣ್ಯ, ಹಸಿಮರ ಕಡಿಯುವುದು ಪಾಪ ಎಂದು ನಂಬಿಕೊಂಡು ಬಂದ ನಾಡಿನಲ್ಲಿ, ಕಡಿಯಲೆಂದೇ ನೆಟ್ಟ ಮರಕ್ಕೆ ಯಾವ ಸ್ಥಾನ? ಕೊಡಗಿನಲ್ಲಿ ದೇವರಕಾಡಿಗೆ ಕೊಡಲಿ ತಾಗದಂತೆ ಕಾಯ್ದುಕೊಂಡವರೇ ಕಾಫಿ ತೋಟದ ಸಿಲ್ವರ್ ಓಕನ್ನು ಅಳುಕಿಲ್ಲದೆ ಮಾರುತ್ತಾರೆ. ಒಂದು ದೇವರಿಗೆ ಬಿಟ್ಟದ್ದು, ಇನ್ನೊಂದು ಬೆಳೆದದ್ದು. ಅವರಿಗೆ ಇದರಲ್ಲಿ ಗೊಂದಲವಿಲ್ಲ. ತೊಡಕಿರುವುದು ಹಕ್ಕಿನ ಪ್ರಶ್ನೆಯಲ್ಲಿ.

ಕಾಡು ಕಡಿದು ಹಸನು ಮಾಡಿದವನಿಗೆ ಹೊಲ ಸೇರಬೇಕೆಂದು ಮನುಸ್ಮೃತಿ ಹೇಳುತ್ತದೆ. ದುಡಿಮೆ ಬೆರೆತಲ್ಲಿ ಒಡೆತನ ಹುಟ್ಟುತ್ತದೆ ಎಂಬುದು ಹದಿನೇಳನೆಯ ಶತಮಾನದ ಇಂಗ್ಲಿಷ್ ತತ್ತ್ವಜ್ಞಾನಿ ಜಾನ್ ಲಾಕ್‌ನ ವಾದ. ಈ ಲೆಕ್ಕದಲ್ಲಿ ನೆಟ್ಟು ನೀರೆರೆದವನದೇ ಮರ. ಶ್ರೀಗಂಧದ ಮಟ್ಟಿಗೆ ಮೈಸೂರು ಸೀಮೆ ಇದನ್ನು ಒಪ್ಪಲಿಲ್ಲ. 1792ರಲ್ಲಿ ಟಿಪ್ಪು ಸುಲ್ತಾನ್ ಗಂಧವನ್ನು ರಾಜವೃಕ್ಷವೆಂದು ಸಾರಿದ. ಮುಂದೆ ಸರ್ಕಾರವೂ ಆ ಹಕ್ಕನ್ನು ಬಿಟ್ಟುಕೊಡಲಿಲ್ಲ. ಹಿತ್ತಲಲ್ಲಿ ತಾನಾಗಿ ಹುಟ್ಟಿದ ಗಂಧವನ್ನು ಕಾಯುವ ಹೊಣೆ ಮನೆಯವನದು, ಕಳುವಾದರೆ ಜವಾಬು ಹೇಳಬೇಕಾದವನೂ ಅವನೇ, ಮರ ಮಾತ್ರ ಅವನದಲ್ಲ. ಎಳೆಯದರಲ್ಲೇ ಕಿತ್ತೆಸೆಯುವುದು ಜಾಣತನವೆನಿಸಿದ್ದರಲ್ಲಿ ಆಶ್ಚರ್ಯವಿಲ್ಲ. ರಾಜ್ಯದ ಅರಣ್ಯ ಕಾಯ್ದೆಗೆ 2001ರಲ್ಲಿ ತಿದ್ದುಪಡಿಯಾಗಿ ಜಮೀನಿನ ಒಡೆಯನೇ ಗಂಧದ ಒಡೆಯನಾದ ಮೇಲೆ ರೈತರು ಅದನ್ನು ಬೆಳೆಯಾಗಿ ಹಾಕತೊಡಗಿದರು. ಕಡಿಯಲು ಅರಣ್ಯ ಇಲಾಖೆಯ ಅನುಮತಿ ಈಗಲೂ ಬೇಕು.

ಗಂಧ ಒಂಟಿಯಾಗಿ ಬೆಳೆಯುವ ಮರವೂ ಅಲ್ಲ. ಅದರ ಬೇರು ಪಕ್ಕದ ಗಿಡದ ಬೇರಿಗೆ ಸಣ್ಣ ಗಂಟುಗಳ ಮೂಲಕ ಅಂಟಿಕೊಂಡು ನೀರು, ಲವಣ ಹೀರುತ್ತದೆ. ಆದ್ದರಿಂದ ಸಸಿಯ ಮಗ್ಗುಲಲ್ಲಿ ಮೊದಲು ತೊಗರಿ ಹಾಕಿ, ಮುಂದಿನ ಆಸರೆಗೆ ಹೊಂಗೆ, ಗಾಳಿಮರದಂಥವನ್ನು ಬೆಳೆಸುತ್ತಾರೆ. ಚೇಗು ಬಲಿಯಲು ಹದಿನೈದು ಇಪ್ಪತ್ತು ವರ್ಷವಾದರೂ ಬೇಕು. ಹಕ್ಕು ಅಷ್ಟು ಕಾಲ ನಿಲ್ಲುತ್ತದೆಂಬ ಭರವಸೆಯಿಲ್ಲದವನು ಗಂಧ ನೆಡುವುದಿಲ್ಲ.

ನೆಟ್ಟವನಿಗೇ ಎಲ್ಲ ಹಕ್ಕು ಎಂದರೂ ಪ್ರಶ್ನೆ ಮುಗಿಯದು. 1980ರ ದಶಕದಲ್ಲಿ ಮರದ ತಿರುಳು ತಯಾರಿಸುವ ಹರಿಹರ ಪಾಲಿಫೈಬರ್ಸ್ ಕಾರ್ಖಾನೆ ಮತ್ತು ರಾಜ್ಯ ಸರ್ಕಾರ ಕೂಡಿ ಕಟ್ಟಿದ ಕಂಪನಿ ಹಳ್ಳಿಗಳ ಸಾಮೂಹಿಕ ಜಮೀನಿನಲ್ಲಿ ನೀಲಗಿರಿ ನೆಟ್ಟಿತು. ದನ ಮೇಯಿಸಿ, ಸೌದೆ ಆಯ್ದು ಬದುಕುತ್ತಿದ್ದವರು ಏನನ್ನೂ ನೆಟ್ಟವರಲ್ಲ. ಆದರೂ ನೆಲದ ಮೇಲೆ ಅವರಿಗೊಂದು ಹಕ್ಕಿತ್ತು. 1987ರ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ನಡೆದ ‘ಕಿತ್ತಿಕೊ-ಹಚ್ಚಿಕೊ’ ಸತ್ಯಾಗ್ರಹದಲ್ಲಿ ಜನ ನೀಲಗಿರಿ ಸಸಿಗಳನ್ನು ಕಿತ್ತು, ತಮಗೆ ಬೇಕಾದ ಗಿಡ ಹಚ್ಚಿದರು. ಕಾರ್ಖಾನೆಗಳು ಬೇಕಾದ ಮರವನ್ನು ಬೆಳೆಗಾರರೊಂದಿಗೆ ನೇರ ಸಂಬಂಧ ಬೆಳೆಸಿ ಪಡೆಯಲಿ ಎಂದು ಮರುವರ್ಷದ ರಾಷ್ಟ್ರೀಯ ಅರಣ್ಯ ನೀತಿ ಹೇಳಿತು. ದಿಕ್ಕು ಸರಿಯಾದದ್ದೇ.

ಆದರೆ ರೈತ ಮತ್ತು ಕಾರ್ಖಾನೆಯ ನಡುವೆ ಕಾಲ ಸಮನಾಗಿ ಹಂಚಿಕೆಯಾಗಿಲ್ಲ. ಪ್ಲೈವುಡ್ಡಿಗೆ ಬೇಗ ಒದಗುವ ಹೆಬ್ಬೇವಿಗೂ ಆರೆಂಟು ವರ್ಷ ಬೇಕು. ಅಷ್ಟರಲ್ಲಿ ದರ ಬಿದ್ದರೆ ಕಾರ್ಖಾನೆ ಅಗ್ಗದ ಮರ ಕೊಳ್ಳುತ್ತದೆ, ರೈತ ಕಳೆದ ವರ್ಷಗಳನ್ನು ಹಿಂದಕ್ಕೆ ಪಡೆಯಲಾರ. ನೆಡುವಾಗಲೇ ಕನಿಷ್ಠ ದರ ಗೊತ್ತುಮಾಡುವ ಕರಾರು ಆದ್ದರಿಂದ ಉಪಕಾರವಲ್ಲ, ಕಾದದ್ದಕ್ಕೆ ಸಲ್ಲಬೇಕಾದ ಬೆಲೆ. ಅಂಥ ಕರಾರಿಲ್ಲದ ಕಡೆ ಸಣ್ಣ ಹಿಡುವಳಿದಾರ ಹೊಲವನ್ನೆಲ್ಲ ಮರಕ್ಕೆ ಬಿಡದೆ, ಬದುವಿನಲ್ಲಷ್ಟೇ ಸಸಿ ಇಟ್ಟು ನಡುವೆ ರಾಗಿ ಬಿತ್ತುವುದು ಲೆಕ್ಕ ಬಲ್ಲವನ ನಡೆ.