ತಡೆಯದೇ ಇದ್ದವರ ಉದ್ದೇಶ

ಆಗಸ್ಟ್ ಬಂತೆಂದರೆ ಪತ್ರಿಕೆಗಳಲ್ಲಿ ಹಿರೋಶಿಮಾ ಬರುತ್ತದೆ. ಅದರ ಹಿಂದೆಯೇ ಯಾರಾದರೊಬ್ಬರು ಗುಟ್ಟು ಬಿಚ್ಚುವ ದನಿಯಲ್ಲಿ ಹೇಳುತ್ತಾರೆ: ‘ಬಾಂಬು ಬಿದ್ದದ್ದು ಜಪಾನಿನ ಮೇಲೆ, ಹೆದರಿಸಿದ್ದು ರಷ್ಯಾವನ್ನ.’ ಈ ಮಾತು ಕೇಳಿದರೆ ನನಗೆ ರೇಗುತ್ತದೆ. ಪೂರ್ತಿ ಸುಳ್ಳೆಂದಲ್ಲ. ಇಷ್ಟು ಹೇಳಿಬಿಟ್ಟರೆ ಎಲ್ಲ ಬಗೆಹರಿಯಿತು ಎಂಬ ಅದರ ಠೀವಿಗೆ.

ಬಾಂಬು ಲಕ್ಷಾಂತರ ಸೈನಿಕರನ್ನು ಉಳಿಸಿತು ಎಂದು ಆಗ ಅಮೆರಿಕದ ಯುದ್ಧ ಕಾರ್ಯದರ್ಶಿಯಾಗಿದ್ದ ಸ್ಟಿಮ್ಸನ್ 1947ರಲ್ಲಿ ಬರೆದ ಸಮರ್ಥನೆ ಇದೆ. ಅದರೊಡನೆ ಜಗಳಕ್ಕೆ ಕೂರುವಷ್ಟು ಉತ್ಸಾಹ ನನಗಿಲ್ಲ. ಬಾಂಬು ಬಿದ್ದಾಗ ಅಧ್ಯಕ್ಷರಾಗಿದ್ದ ಟ್ರೂಮನ್‌ಗೆ ಆಕ್ಸ್‌ಫರ್ಡ್ ಗೌರವ ಪದವಿ ಕೊಡಹೊರಟಾಗ ವಿರೋಧಿಸಿದ ತತ್ತ್ವಶಾಸ್ತ್ರಜ್ಞೆ ಎಲಿಜಬೆತ್ ಆ್ಯನ್ಸ್‌ಕಂಬ್, ಉದ್ದೇಶ ಏನೇ ಇರಲಿ, ಇದು ಕೊಲೆ ಎಂದರು. ಒಪ್ಪಿದೆ. ಒಪ್ಪಿದ ಮೇಲೂ, ಅದು ಆದದ್ದು ಹೇಗೆ ಎಂಬುದು ಉಳಿಯುತ್ತದೆ.

ರಷ್ಯಾ ವಾದವನ್ನು ಗಟ್ಟಿಯಾಗಿ ಕಟ್ಟಿದವರು ಇತಿಹಾಸಕಾರ ಗಾರ್ ಆಲ್ಪೆರೊವಿಟ್ಜ್, 1965ರಲ್ಲಿ. ಜಪಾನ್ ಮಾಸ್ಕೋ ಮೂಲಕ ಸಂಧಿಯ ದಾರಿ ಹುಡುಕುತ್ತಿದ್ದದ್ದು ಅಮೆರಿಕಕ್ಕೆ ಗೊತ್ತಿತ್ತು. ಬಾಂಬು ಕೈಯಲ್ಲಿದ್ದರೆ ರಷ್ಯಾವನ್ನು ಹದ್ದುಬಸ್ತಿನಲ್ಲಿಡಬಹುದೆಂಬ ಆಸೆ ಸ್ವಲ್ಪದರಲ್ಲೇ ವಿದೇಶ ಕಾರ್ಯದರ್ಶಿಯಾಗಲಿದ್ದ ಬರ್ನ್ಸ್‌ಗೆ ಇತ್ತೆಂದು ವಿಜ್ಞಾನಿ ಸಿಲಾರ್ಡ್ ನೆನೆದಿದ್ದಾರೆ. ಇವೆಲ್ಲ ಸರಿ. ಆದರೆ ಒಂದು ಕೆಲಸದಿಂದ ಲಾಭ ಕಂಡವನೇ ಅದನ್ನು ಮಾಡಿಸಿದವನು ಎಂದು ಹೇಳಲು ಬರುತ್ತದೆಯೇ?

ನಾನು ಪಾಠ ಮಾಡುತ್ತಿದ್ದ ಕಾಲೇಜಿನ ಕಟ್ಟಡ ಸಮಿತಿಯಲ್ಲಿ ನಾನೂ ಒಬ್ಬ ಸದಸ್ಯ. ಹೊಸ ಲ್ಯಾಬಿಗೆ ಅನುದಾನ ಬಂದಿತ್ತು. ಮಾರ್ಚ್ ಒಳಗೆ ಖರ್ಚಾಗದಿದ್ದರೆ ವಾಪಸ್. ಹಿತ್ತಲಿನ ಹೊಂಗೆ ಮರಗಳು ಉರುಳಿದವು. ನಡಾವಳಿ ಪುಸ್ತಕ ತೆಗೆದರೆ ಮರದ ಮಾತೇ ಇಲ್ಲ, ‘ನಕ್ಷೆಯಂತೆ ಮುಂದುವರಿಯತಕ್ಕದ್ದು’ ಎಂದಷ್ಟೇ. ಪಕ್ಕದ ಜಮೀನಿನವನಿಗೆ ಗಡಿ ತೋರಿಸಲೆಂದೇ ಪ್ರಿನ್ಸಿಪಾಲರು ಕಡಿಸಿದರು ಎಂಬ ಕತೆ ಸ್ಟಾಫ್ ರೂಮಿನಲ್ಲಿ ಹುಟ್ಟಿತು. ಅವರಿಗೆ ಒಳಗೊಳಗೇ ಆ ಖುಷಿ ಇದ್ದದ್ದೂ ನಿಜವೇ. ಆದರೆ ಪಕ್ಕದಲ್ಲಿ ಜಮೀನೇ ಇಲ್ಲದಿದ್ದರೂ ಮರ ಉರುಳುತ್ತಿತ್ತು.

ಮ್ಯಾನ್‌ಹಟನ್ ಯೋಜನೆಗೆ, ಅಂದರೆ ಬಾಂಬು ತಯಾರಿಗೆ, ಸುರಿದದ್ದು ಸುಮಾರು 200 ಕೋಟಿ ಡಾಲರ್. ಇದು ವಿಫಲವಾದರೆ ತನಿಖೆ, ಟೀಕೆ ತಪ್ಪಿದ್ದಲ್ಲ ಎಂದು ಇದೇ ಬರ್ನ್ಸ್ 1945ರ ಮಾರ್ಚ್‌ನಲ್ಲಿ ಆಗಿನ ಅಧ್ಯಕ್ಷ ರೂಸ್‌ವೆಲ್ಟ್‌ರನ್ನು ಎಚ್ಚರಿಸಿದ್ದರು. ಅದೇ ತಿಂಗಳು ಬೆಂಕಿ ಬಾಂಬುಗಳು ಒಂದೇ ರಾತ್ರಿಯಲ್ಲಿ ಟೋಕಿಯೊದ ಸುಮಾರು ಒಂದು ಲಕ್ಷ ಜನರನ್ನು ಕೊಂದವು. ಊರಿಗೆ ಊರೇ ಸುಡುವುದಕ್ಕೆ ಆಮೇಲೆ ಹೊಸದಾಗಿ ಮನಸ್ಸು ಮಾಡಬೇಕಾಗಿರಲಿಲ್ಲ. ಅಣುಬಾಂಬು ಹಾಕಲು ಹೇಳಿದ ಜುಲೈ 25ರ ಆದೇಶದ ಕೆಳಗಿರುವುದು ಜನರಲ್ ಹ್ಯಾಂಡಿಯ ಸಹಿ, ಟ್ರೂಮನ್‌ರದಲ್ಲ. ಸುಮಾರು ಆಗಸ್ಟ್ 3ರ ನಂತರ, ಹವೆ ಒದಗಿದಾಗ, ನಾಲ್ಕರಲ್ಲಿ ಒಂದು ಊರಿನ ಮೇಲೆ. ಮುಂದಿನವು ಸಿದ್ಧವಾದ ಹಾಗೆಲ್ಲ. ನಾಗಸಾಕಿಗೆಂದು ಬೇರೆ ಆದೇಶವೇ ಇಲ್ಲ. 11ಕ್ಕೆಂದಿದ್ದ ಎರಡನೆಯ ದಾಳಿಯನ್ನು 9ಕ್ಕೆ ತಂದದ್ದು ಹವಾಮಾನ ಮುನ್ಸೂಚನೆ. ಅವತ್ತು ವಿಮಾನ ಹೊರಟದ್ದೂ ಕೊಕುರಾಕ್ಕೆ. ಮಬ್ಬು ಕವಿದು ಊರು ಕಾಣದೆ ನಾಗಸಾಕಿಗೆ ತಿರುಗಿತು. ಮಹಾ ಸಂಚು ಹೂಡಿದವರು ಇಷ್ಟನ್ನೆಲ್ಲ ಮೋಡಕ್ಕೆ ಬಿಟ್ಟುಕೊಡುತ್ತಾರೆಯೇ? ಇಲ್ಲಿ ಯಾರೂ ತೀರ್ಮಾನಿಸಲಿಲ್ಲ, ಯಾರೂ ತಡೆಯಲಿಲ್ಲ, ಅಷ್ಟೇ ಎಂಬುದು ನನ್ನ ವಾದ.

ಇಲ್ಲಿಗೆ ನಿಲ್ಲಿಸಿದರೆ ಗೆದ್ದೆ ಎನ್ನಬಹುದು. ಆದರೆ ಆಲ್ಪೆರೊವಿಟ್ಜ್ ಎತ್ತಿ ತೋರಿಸುವ ಒಂದು ಸಂಗತಿ ನನ್ನನ್ನು ಬಿಡುವುದಿಲ್ಲ. ಪಾಟ್ಸ್‌ಡ್ಯಾಮ್ ಘೋಷಣೆಗೆ, ಅಂದರೆ ಶರಣಾಗುವಂತೆ ಜಪಾನಿಗೆ ಕೊಟ್ಟ ಕರೆಗೆ, ಸ್ಟಿಮ್ಸನ್ ಸಿದ್ಧಪಡಿಸಿದ ಕರಡಿನಲ್ಲಿ, ಜಪಾನಿನ ರಾಜಮನೆತನ ಉಳಿಯಬಹುದೆಂಬ ಸೂಚನೆ ಇತ್ತು. ಪ್ರಕಟವಾದದ್ದರಲ್ಲಿ ಇಲ್ಲ. ಕಾಗದದ ಮೇಲಿನ ಸಾಲು ತಾನಾಗಿ ಉದುರುವುದಿಲ್ಲ. ಅದನ್ನು ಒಂದು ಕೈ ಹೊಡೆದುಹಾಕಬೇಕು. ಆ ಕೈಗೆ ಉದ್ದೇಶ ಇದ್ದೇ ಇರುತ್ತದೆ. ರಷ್ಯಾವೇ ಆ ಉದ್ದೇಶ ಎಂದು ಈಗಲೂ ಒಪ್ಪಲಾರೆ. ಚಕ್ರವರ್ತಿಯ ಮೇಲೆ ಕನಿಕರ ತೋರಿದರೆ ಅಮೆರಿಕದ ಮತದಾರ ಸುಮ್ಮನಿರುತ್ತಿರಲಿಲ್ಲ. ಆದರೆ ಎಲ್ಲವೂ ತಾನಾಗಿ ಉರುಳಿತು ಎಂಬ ನನ್ನ ಮಾತು ಅಲ್ಲಿ ನಿಲ್ಲುವುದಿಲ್ಲ.

ಅದಕ್ಕಿಂತ ದೊಡ್ಡ ಪೆಟ್ಟು ಬೇರೆ ಕಡೆಯಿಂದ ಬರುತ್ತದೆ. ಆಗಸ್ಟ್ 10ರಂದು, ತಮ್ಮ ಅಪ್ಪಣೆ ಇಲ್ಲದೆ ಇನ್ನೊಂದು ಅಣುಬಾಂಬು ಹಾಕಕೂಡದು ಎಂದು ಟ್ರೂಮನ್ ತಡೆದರು. ಇನ್ನೂ ಲಕ್ಷ ಜನರನ್ನು, ಮಕ್ಕಳನ್ನು, ಕೊಲ್ಲುವ ಯೋಚನೆಯೇ ಅವರಿಗೆ ಸಹಿಸಲಾಗಲಿಲ್ಲವೆಂದು ಸಚಿವ ಹೆನ್ರಿ ವ್ಯಾಲೇಸ್ ದಿನಚರಿಯಲ್ಲಿ ಬರೆದುಕೊಂಡಿದ್ದಾರೆ. ತಡೆಯಲು ಬೇಕಾದದ್ದು ಒಂದು ಮಾತು ಅಷ್ಟೇ ಆಗಿದ್ದರೆ, ಅದನ್ನು ಹಿರೋಶಿಮಾದ ಮರುದಿನ, 7ನೇ ತಾರೀಕೇ ಆಡಬಹುದಿತ್ತು. ಆಡದೇ ಇದ್ದದ್ದೂ ಒಂದು ತೀರ್ಮಾನವೇ ಆಯಿತು. ಹಾಗೆಂದು ಮರುಕ ಗೆದ್ದಿತು ಎನ್ನೋಣವೆಂದರೆ, 14ರಂದು ನೂರಾರು ಬಿ-29 ವಿಮಾನಗಳು ಮತ್ತೆ ಜಪಾನಿನ ಮೇಲೆ ಮಾಮೂಲಿ ಬಾಂಬು ಸುರಿದವು. ಅವನ್ನು ಅವರು ತಡೆಯಲಿಲ್ಲ. ಹತ್ತನೇ ತಾರೀಕು ಅವರ ಕೈ ತಡೆದದ್ದು ಮಕ್ಕಳ ಯೋಚನೆಯೋ, ಶರಣಾಗತಿಯ ಮಾತು ಬಂದಿತ್ತೆಂಬ ಲೆಕ್ಕವೋ? ಇದಕ್ಕೆ ಆಲ್ಪೆರೊವಿಟ್ಜ್ ಬಳಿ ಉತ್ತರವಿಲ್ಲ. ನನ್ನ ಹೊಂಗೆ ಮರಗಳ ತರ್ಕದಲ್ಲೂ ಇಲ್ಲ. ನಮ್ಮ ಸಮಿತಿಯಲ್ಲಿ ಅರ್ಧ ಕಡಿದ ಮೇಲೆ ಸಾಕು ಎಂದವರು ಯಾರೂ ಇರಲಿಲ್ಲ.