ದನಿಗೆ ಒಡೆಯರಿಲ್ಲ, ಮಾತಿಗೆ?

 

ಇಂದಿನ ಚಿಂತನೆ ಬರೆಯುವ ಸರದಿ ನನ್ನದು. ಕಳೆದ ತಿಂಗಳ ಭಾನುವಾರದ ಓದಿನಲ್ಲಿ ನಾನು ಮೂಲೆಯಲ್ಲಿ ತುಟಿ ಬಿಚ್ಚದೆ ಕೂತಿದ್ದು ಹಲವರಿಗೆ ನೆನಪಿರಬಹುದು. ಅದು ಮೌನವ್ರತವಲ್ಲ, ಡಾಕ್ಟರ ಆಜ್ಞೆ. ಅಂದು ಬಂದ ಒಂದು ಪ್ರಶ್ನೆಗೆ ನಾನು ಹೇಳುವುದಿತ್ತು, ಹೇಳಲು ದನಿ ಇರಲಿಲ್ಲ. ಈಗ ಬರೆಯುತ್ತಿದ್ದೇನೆ.

ಅಂದು ಓದಿದ್ದು ಸಂಯುತ್ತ ನಿಕಾಯದ ವೀಣೆಯ ಸುತ್ತ. ಎಂದೂ ವೀಣೆ ಕೇಳದ ರಾಜನೊಬ್ಬ ಅದರ ನಾದಕ್ಕೆ ಮರುಳಾಗುತ್ತಾನೆ. ವೀಣೆ ತಂದುಕೊಟ್ಟರೆ, ಇದು ಬೇಡ, ನನಗೆ ನಾದವೇ ಬೇಕು ಎಂದು ಹಟ ಹಿಡಿಯುತ್ತಾನೆ. ವೀಣೆಯನ್ನು ಸೀಳಿ, ಚೂರು ಮಾಡಿ, ಸುಟ್ಟು ಬೂದಿ ಮಾಡಿ ಹುಡುಕುತ್ತಾನೆ. ನಾದ ಸಿಗುವುದಿಲ್ಲ. ಪಂಚಸ್ಕಂಧಗಳಲ್ಲಿ ಹುಡುಕಿದರೆ ‘ನಾನು’ ಕೂಡ ಹಾಗೆಯೇ ಸಿಗುವುದಿಲ್ಲ ಎಂಬುದು ಅದರ ತಾತ್ಪರ್ಯ. ಆಗ ನಮ್ಮ ಬಳಗದ ಕಿರಿಯರೊಬ್ಬರು ಕೇಳಿದರು: “ದನಿಗೆ ಒಡೆಯನೇ ಇಲ್ಲ ಅಂದಮೇಲೆ, ಕೆಟ್ಟ ಮಾತಿನ ತಪ್ಪು ಯಾರದ್ದು?” ಕೆಲವರು ನಕ್ಕರು. ನನಗೆ ನಗು ಬರಲಿಲ್ಲ.

ಕಾರಣ ಹೇಳುತ್ತೇನೆ. ನಾನು ಹೈಸ್ಕೂಲ್ ಟೀಚರ್. ಅದಕ್ಕೆ ಕೆಲವು ವಾರಗಳ ಹಿಂದೆ, ಎಂಟನೇ ಕ್ಲಾಸಿನ ಹುಡುಗನೊಬ್ಬ ಲೆಕ್ಕ ತಪ್ಪಿದಾಗ, ಇಡೀ ತರಗತಿಯ ಎದುರು “ದನ ಕಾಯೋಕೆ ಹೋಗು ನೀನು” ಎಂದು ಕಿರುಚಿದ್ದೆ. ಅವನ ಅಪ್ಪ ನಿಜವಾಗಿಯೂ ದನ ಕಾಯುವವರು. ಅದು ನನಗೆ ಗೊತ್ತಿತ್ತು. ಅಂದಿನಿಂದ ಆ ಹುಡುಗ ಕೈ ಎತ್ತುವುದನ್ನೇ ಬಿಟ್ಟ. ಸ್ಟಾಫ್ ರೂಮಿನಲ್ಲಿ ನಾನು ಹೇಳಿಕೊಂಡದ್ದು, “ಸಿಟ್ಟಿನಲ್ಲಿ ಬಾಯಿ ತಪ್ಪಿ ಬಂತು.”

ಅಷ್ಟರಲ್ಲೇ ನನ್ನ ಗಂಟಲು ಕಟ್ಟಿತ್ತು. ಡಾಕ್ಟರ್ ಮೇಡಂ ಬಾಯೊಳಗೆ ಕ್ಯಾಮೆರಾದ ಕೊಳವೆ ಇಟ್ಟು, “ಈ... ಅನ್ನಿ” ಎಂದರು. ಪರದೆಯ ಮೇಲೆ ನನ್ನ ದನಿಯ ತವರನ್ನು ಮೊದಲ ಸಲ ನೋಡಿದೆ. ನಾವು ಧ್ವನಿತಂತು ಅನ್ನುತ್ತೇವೆ. ಆದರೆ ಅಲ್ಲಿ ವೀಣೆಯ ತಂತಿಯಂಥದ್ದೇನೂ ಇಲ್ಲ. ಶ್ವಾಸನಾಳದ ಮೇಲ್ತುದಿಯಲ್ಲಿ, ಎಡಕ್ಕೊಂದು ಬಲಕ್ಕೊಂದು, ಒದ್ದೆಯಾದ ಎರಡು ಬಿಳಿ ಮಡಿಕೆಗಳು. ನನ್ನಂಥ ಹೆಂಗಸಿನಲ್ಲಿ ಒಂದೂವರೆ ಸೆಂಟಿಮೀಟರ್ ಉದ್ದ, ಅಷ್ಟೇ. ಉಸಿರಾಡುವಾಗ ದೂರ ಸರಿಯುತ್ತವೆ. ನುಂಗುವಾಗ ಅನ್ನ-ನೀರು ಉಸಿರಿನ ದಾರಿಗೆ ಇಳಿಯದಂತೆ ಮುಚ್ಚಿಕೊಳ್ಳುತ್ತವೆ. ಜೀವ ಕಾಯುವ ಬಾಗಿಲು ಅದು. ಮಾತು ಆಮೇಲಿನದು.

ದನಿ ಹುಟ್ಟುವುದು ಹೇಗೆ? ಎರಡು ಮಡಿಕೆಗಳೂ ಹತ್ತಿರ ಬರುತ್ತವೆ. ಕೆಳಗಿನಿಂದ ಉಸಿರು ಒತ್ತಿ ತಳ್ಳಿದಾಗ ತೆರೆದುಕೊಳ್ಳುತ್ತವೆ. ತಮ್ಮದೇ ಎಳೆತಕ್ಕೆ, ನುಗ್ಗುವ ಗಾಳಿಯ ಸೆಳೆತಕ್ಕೆ ಮತ್ತೆ ಮುಚ್ಚುತ್ತವೆ. ಸಾಧಾರಣ ಮಾತಿನಲ್ಲಿ ಹೀಗೆ ಸೆಕೆಂಡಿಗೆ ಗಂಡಸರಲ್ಲಿ ಸುಮಾರು 110 ಸಲ, ಹೆಂಗಸರಲ್ಲಿ ಸುಮಾರು 200 ಸಲ. ಒಂದು ಪೀರಿಯಡ್ಡಿನಲ್ಲಿ ನನ್ನ ದನಿ ಒಟ್ಟು ಅರ್ಧ ಗಂಟೆ ಹೊರಟಿತು ಅಂದುಕೊಳ್ಳಿ. 3,60,000 ಸಲ ಆ ಮಡಿಕೆಗಳು ಒಂದಕ್ಕೊಂದು ಬಡಿದಿರುತ್ತವೆ. ಆದರೂ ಅಲ್ಲಿ ಏಳುವುದು ಬರೀ ಗುಂಯ್‌ಗುಡುವ ಸದ್ದು. ಅದನ್ನು ‘ಅ’, ‘ಇ’, ‘ಅಮ್ಮ’ ಮಾಡುವುದು ಗಂಟಲು, ನಾಲಿಗೆ, ತುಟಿ.

1854ರಲ್ಲಿ ಮ್ಯಾನುಯೆಲ್ ಗಾರ್ಸಿಯಾ ಎಂಬ ಸಂಗೀತದ ಮೇಷ್ಟ್ರು ಹಲ್ಲಿನ ವೈದ್ಯರ ಕನ್ನಡಿಯನ್ನು ಬಾಯಲ್ಲಿಟ್ಟು, ಬಿಸಿಲಿನ ಬೆಳಕು ಹಾಯಿಸಿ, ತನ್ನದೇ ಗಂಟಲಲ್ಲಿ ಈ ಮಡಿಕೆಗಳನ್ನು ನೋಡಿದರು. ರಾಜನಂತೆ ವೀಣೆ ಒಡೆಯಲಿಲ್ಲ. ಆದರೆ ಅವರಿಗೂ ಕಂಡದ್ದು ಮಡಿಕೆ, ಉಸಿರು, ಚಲನೆ. ‘ದನಿ’ ಎಂಬ ಬೇರೊಂದು ವಸ್ತು ಅಲ್ಲಿರಲಿಲ್ಲ.

ಪ್ರತಿ ಬಡಿತಕ್ಕೂ ಮಿದುಳು ಒಂದೊಂದು ಆಜ್ಞೆ ಕೊಡುತ್ತದೆ ಎಂದು ಒಂದು ಕಾಲಕ್ಕೆ ವಾದಿಸಿದವರಿದ್ದರು. ಹಾಗಲ್ಲ, ಉಸಿರಿನ ಒತ್ತಡ ಮತ್ತು ಮಡಿಕೆಗಳ ಎಳೆತವೇ ಅದನ್ನು ನಡೆಸುತ್ತವೆ ಎಂದು 1958ರಲ್ಲಿ ವ್ಯಾನ್ ಡೆನ್ ಬರ್ಗ್ ಎಂಬ ಡಚ್ ವಿಜ್ಞಾನಿ ವಿವರಿಸಿದರು. ಇಂದು ಒಪ್ಪಿತವಾಗಿರುವುದು ಅದೇ. ನೀವೇ ಮಾಡಿ ನೋಡಬಹುದು. ಮಕ್ಕಳು ಬಸ್ಸಿನ ಆಟ ಆಡುವಾಗ ಮಾಡುವಂತೆ ತುಟಿಗಳಿಂದ ‘ಬುರ್ರ್’ ಅನ್ನಿಸಿ. ಪ್ರತಿ ಅದುರುವಿಕೆಯನ್ನೂ ನೀವು ಮಾಡುತ್ತಿಲ್ಲ. ನೀವು ಮಾಡಿದ್ದು ಎರಡೇ: ತುಟಿ ಸೇರಿಸಿದಿರಿ, ಉಸಿರು ಬಿಟ್ಟಿರಿ.

ಬಂಧುಗಳೇ, ಆ ಕಿರಿಯರ ಪ್ರಶ್ನೆಗೆ ನನ್ನ ಉತ್ತರ ಇಲ್ಲಿದೆ. ಸೆಕೆಂಡಿನ 200 ಬಡಿತಗಳಲ್ಲಿ ಒಂದೂ ‘ನನ್ನದು’ ಅಲ್ಲ, ನಿಜ. ಅದು ಕಾರಣಗಳು ಕೂಡಿದಾಗ ಏಳುವ, ಕೂಡದಿದ್ದಾಗ ಅಡಗುವ ನಾದ. ಆದರೆ ಮಡಿಕೆಗಳು ತಾವಾಗಿ ಬಂದು ಸೇರಿ “ದನ ಕಾಯೋಕೆ ಹೋಗು” ಅನ್ನಲಿಲ್ಲ. ಸೇರಿಸುವ ಒಂದು ಕ್ಷಣ ಮುಂಚೆ ಇತ್ತು, ಆ ಕ್ಷಣದಲ್ಲಿ ನೋಯಿಸಬೇಕೆಂಬ ಇಚ್ಛೆಯೂ ಇತ್ತು. ಭಗವಾನರು ಕಮ್ಮ ಎಂದದ್ದು ಚೇತನೆಯನ್ನೇ. ಕೂಡಿಬಂದ ಕಾರಣಗಳಲ್ಲಿ ಆ ಚೇತನೆಯೂ ಒಂದು. ಅದು ತಿದ್ದಬಹುದಾದ ಕಾರಣ. ಅನಾತ್ಮವನ್ನು ನೆಪ ಮಾಡಿಕೊಳ್ಳುವವರು ಆ ಒಂದು ಕ್ಷಣವನ್ನು ಲೆಕ್ಕದಿಂದ ಬಿಟ್ಟಿರುತ್ತಾರೆ. ನಾನೂ ಬಿಟ್ಟಿದ್ದೆ.

ಕಿರುಚುವಾಗ ಮಡಿಕೆಗಳು ಬಿಗಿದು ಮುಚ್ಚುತ್ತವೆ, ಕೆಳಗೆ ಉಸಿರಿನ ಒತ್ತಡ ಏರುತ್ತದೆ, ಹೊಡೆತ ಜೋರಾಗುತ್ತದೆ. ವರ್ಷಗಟ್ಟಲೆ ಹೀಗಾದರೆ ಎರಡೂ ಕಡೆ ಎದುರುಬದುರಾಗಿ ಪುಟ್ಟ ಗಂಟುಗಳೇಳುತ್ತವೆ. ನನಗೆ ಆಗಿದ್ದದ್ದು ಅದೇ. “ಒಂದು ವಾರ ಮಾತು ಬೇಡ, ಪಿಸುಮಾತೂ ಬೇಡ. ಆಮೇಲೆ ಮಾತಾಡುವುದನ್ನು ಹೊಸದಾಗಿ ಕಲಿಸುತ್ತೇವೆ” ಎಂದರು ಡಾಕ್ಟರ್. ನಡುವಯಸ್ಸು ದಾಟಿದ ಮೇಲೆ ಮಾತು ಕಲಿಯಲು ಹೊರಟೆ.

ಅಲ್ಲಿ ಒಂದು ವಿಷಯ ತಿಳಿಯಿತು. ಹಾಡುವುದೂ ಇದೇ ಮಡಿಕೆಗಳಿಂದ. ಅವನ್ನು ಹಿಗ್ಗಿಸಿ ಬಿಗಿ ಮಾಡಿದರೆ ಸ್ವರ ಏರುತ್ತದೆ, ಸಡಿಲಿಸಿದರೆ ಇಳಿಯುತ್ತದೆ. ಆದರೆ ಹಾಡುವವರು ಮೊದಲು ಶ್ರುತಿ ಕೇಳಿಸಿಕೊಳ್ಳುತ್ತಾರೆ, ಆಮೇಲೆ ಬಾಯಿ ತೆರೆಯುತ್ತಾರೆ. ನಾವು ವಂದನೆ ಹೇಳುವಾಗಲೂ ಪಕ್ಕದವರ ದನಿ ಕೇಳಿಸಿಕೊಂಡೇ ಸೇರಿಕೊಳ್ಳುತ್ತೇವೆ. ಮಾತಿನಲ್ಲಿ ಮಾತ್ರ ಆ ಕೇಳಿಸಿಕೊಳ್ಳುವಿಕೆ ತಪ್ಪಿಹೋಗುತ್ತದೆ.

ತರಗತಿಗೆ ಮರಳಿದ ದಿನ, ಎಲ್ಲರ ಎದುರು ಆಡಿದ ಮಾತಿಗೆ ಎಲ್ಲರ ಎದುರೇ ಆ ಹುಡುಗನಲ್ಲಿ ಕ್ಷಮೆ ಕೇಳಿದೆ. ದನ ಕಾಯುವ ಕೆಲಸ ಬೈಗುಳವಲ್ಲ ಎಂದೂ ಹೇಳಿದೆ. ದನಿ ಸಣ್ಣದಾಗಿತ್ತು, ತರಗತಿ ನಿಶ್ಶಬ್ದವಾಗಿತ್ತು. ಅವನು ತಲೆ ತಗ್ಗಿಸಿ ಕೂತಿದ್ದ. ಇನ್ನೂ ಕೈ ಎತ್ತಿಲ್ಲ. ನಾದ ಅಂದೇ, ಅರೆಕ್ಷಣದಲ್ಲೇ ಅಡಗಿತ್ತು. ಅದು ಮಾಡಿದ್ದು ಅಡಗಿಲ್ಲ. ಕಾಯುತ್ತೇನೆ.

ಇಂದಿನ ಅಭ್ಯಾಸ: ಸಿಟ್ಟು ಬಂದಾಗ, ದನಿ ಹೊರಡುವ ಮುಂಚಿನ ಆ ಒಂದು ಉಸಿರನ್ನು ಗಮನಿಸೋಣ. ಬಾಗಿಲು ಆಗ ಇನ್ನೂ ತೆರೆದೇ ಇರುತ್ತದೆ.

ಭವತು ಸಬ್ಬ ಮಂಗಲಂ. ಸಾಧು, ಸಾಧು, ಸಾಧು.